ಮನೆ ಕೂಟದಲ್ಲಿ ದೇವರ ನ್ಯಾಯತೀರ್ಪಿನ ಪಾಠ ನಡೆಸುವುದು ಹೇಗೆ?

ಮನೆಯಲ್ಲಿ ಸೇರಿ ಬೈಬಲ್ ಓದುವ ಕೂಟದ ಈ ಸಲದ ಪಾಠ ನಿಮ್ಮ ತಲೆಗೆ ಬಂತಾ, ಅದೂ ನ್ಯಾಯತೀರ್ಪಿನ ಬಗ್ಗೆ? ಮೊದಲನೆಯದಾಗಿ, ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟಣೆಯಿಂದ ಶುರು ಮಾಡಬೇಡಿ. ಮೃಗ, 666, ಬೆಂಕಿಯ ಕೆರೆ ಅಂತ ಹೊರಟರೆ ಇಡೀ ಸಂಜೆ ಅದರಲ್ಲೇ ಹೋಗುತ್ತದೆ. ಮಕ್ಕಳು ರಾತ್ರಿ ಮಲಗುವುದಿಲ್ಲ, ಅಷ್ಟೇ ಲಾಭ.

ಆದಿಕಾಂಡ 6 ತೆಗೆಸಿ. ಒಬ್ಬರು ಜೋರಾಗಿ ಓದಲಿ. ನೋಹನ ಕಥೆ ಅಂದರೆ ನಮಗೆ ನಾವೆ, ಆನೆ, ಪಾರಿವಾಳ ಇಷ್ಟೇ ನೆನಪಿರುತ್ತದೆ, ಆದರೆ ಪ್ರಳಯ ಯಾಕೆ ಬಂತು ಅನ್ನುವುದು 11ನೇ ವಚನದಲ್ಲಿದೆ: ಭೂಮಿಯೆಲ್ಲ ಹಿಂಸೆಯಿಂದ ತುಂಬಿಹೋಗಿತ್ತು. ಅದಕ್ಕೂ ಮುಂಚೆ 6ನೇ ವಚನದಲ್ಲಿ ದೇವರು ನೊಂದುಕೊಂಡರು ಅಂತಿದೆ. ಮೊದಲು ನೋವು, ಆಮೇಲೆ ತೀರ್ಪು. ಈ ಕ್ರಮವನ್ನು ಎಲ್ಲರೂ ಗಮನಿಸುವ ಹಾಗೆ ಮಾಡಿ.

ದೇವರು ಬೆಂಕಿ ಸುರಿಸಿ ನಾಶಮಾಡಿದ ಸೊದೋಮ್ ಊರಿನ ಮಾತು ಬಂದೇ ಬರುತ್ತದೆ. ಬಂದರೆ ಯೆಹೆಜ್ಕೇಲ 16:49 ಓದಿಸಿ. ಗರ್ವ, ಹೊಟ್ಟೆ ತುಂಬ ಊಟ, ಯಾವ ಚಿಂತೆಯೂ ಇಲ್ಲದ ಸುಖ, ಆದರೂ ಬಡವರಿಗೆ ಕೈ ಆಸರೆಯಾಗಲಿಲ್ಲ. ಅಸಹ್ಯ ಕೃತ್ಯದ ಮಾತು ಅದರ ಮುಂದಿನ ವಚನದಲ್ಲಿ ಬರುತ್ತದೆ, ಅದನ್ನೂ ಮುಚ್ಚಿಡಬೇಡಿ. ಆದರೆ ಸುಮ್ನೆ ಅದೊಂದನ್ನೇ ಹಿಡಿದುಕೊಂಡು ಪಕ್ಕದ ಬೀದಿಯವರನ್ನು ತೂಗುವುದಕ್ಕೆ ಹೋದರೆ ಕೂಟ ಹರಟೆಕಟ್ಟೆಯಾಗುತ್ತದೆ.

ನಿಜವಾದ ಪಾಠ ಪ್ರವಾದಿ ಆಮೋಸನ ಪುಸ್ತಕದಲ್ಲಿದೆ, ಜಾಸ್ತಿ ಹೊತ್ತು ಇಲ್ಲಿಗೇ ಕೊಡಿ. 1 ಮತ್ತು 2ನೇ ಅಧ್ಯಾಯದಲ್ಲಿ ದಮಸ್ಕ, ಗಾಜಾ, ತೂರ್ ಅಂತ ಸುತ್ತಮುತ್ತಲ ಊರುಗಳನ್ನು ಒಂದೊಂದಾಗಿ ಬೈಯುತ್ತಾ ಬರುತ್ತಾನೆ, ಕೇಳುವವರು ತಲೆದೂಗುತ್ತಿರುವಾಗಲೇ ಯೆಹೂದಕ್ಕೆ ಬಂದು ಕೊನೆಗೆ ಇಸ್ರಾಯೇಲಿನ ಕೊರಳಪಟ್ಟಿಗೇ ಕೈ ಹಾಕುತ್ತಾನೆ. ಆಮೇಲೆ 8:5-6: ಅಳತೆ ಚಿಕ್ಕದು ಮಾಡುವುದು, ಮೋಸದ ತಕ್ಕಡಿ, ಜೊಳ್ಳು ಗೋಧಿ ಮಾರುವುದು, ಬಡವನನ್ನು ಒಂದು ಜೊತೆ ಕೆರಕ್ಕೆ ಕೊಳ್ಳುವುದು. ಕಬ್ಬು ಬೆಳೆಯುವ ಮಂಡ್ಯದಲ್ಲಿ ತೂಕದ ವಿಷಯ ಎತ್ತಿ ನೋಡಿ, ಯಾರೂ ತೂಕಡಿಸುವುದಿಲ್ಲ! ಎಲ್ಲರೂ ಮೋಸ ಹೋದ ಕಥೆ ಹೇಳುತ್ತಾರೆ. ಹೇಳಲಿ. ಮುಗಿದ ಮೇಲೆ ಮೆಲ್ಲಗೆ ಕೇಳಿ, ನಮ್ಮ ಗದ್ದೆಗೆ ಬಂದ ಕೂಲಿಯವರಿಗೆ ನಾವು ಬಾಕಿ ಉಳಿಸಿಕೊಂಡಿದ್ದೇವಾ ಅಂತ.

ಯಾರಾದರೂ ಒಬ್ಬರು, "ಕೆಆರ್‌ಎಸ್ ಗೇಟು ತೆಗೆದಾಗ ಶ್ರೀರಂಗಪಟ್ಟಣದ ಹೊಳೆದಂಡೆಯವರ ತೋಟ ಮುಳುಗಿತಲ್ಲ, ಅದು ಅವರ ಪಾಪಕ್ಕಾ ಅಣ್ಣಾ?" ಅಂತ ಕೇಳುತ್ತಾರೆ. ಲೂಕ 13 ತೆಗೆಯಿರಿ. ಸಿಲೊವಾಮಿನ ಗೋಪುರ ಬಿದ್ದು ಸತ್ತ 18 ಜನ ಉಳಿದವರಿಗಿಂತ ಪಾಪಿಗಳಾ ಅಂದರೆ ಯೇಸು "ಇಲ್ಲ" ಅನ್ನುತ್ತಾರೆ. ಅಲ್ಲಿಗೇ ನಿಲ್ಲಿಸಬೇಡಿ, ನೀವೂ ತಿರುಗಿಕೊಳ್ಳದಿದ್ದರೆ ನಾಶವಾಗುತ್ತೀರಿ ಅನ್ನುವುದೂ ಅದೇ ವಚನದ ಜೊತೆಗಿದೆ.

ನರಕ ಎಷ್ಟು ಬಿಸಿ ಅನ್ನುವ ಚರ್ಚೆ ಬೇಡ. ಶಿಲುಬೆಯ ಮಾತು ಮಾತ್ರ ಬಿಡಬೇಡಿ, ತೀರ್ಪು ಕೊಡುವವರೇ ಅದನ್ನು ತಮ್ಮ ಮೇಲೆ ಹೊತ್ತುಕೊಂಡರು ಅನ್ನುವುದು ಇಲ್ಲದಿದ್ದರೆ ಅದು ಬರೀ ಬೆದರಿಕೆ, ಅಲ್ವಾ?

ಮುಗಿಸುವಾಗ ಯೋನ 4:11. ನಿನೆವೆ ಪಟ್ಟಣವನ್ನು ದೇವರು ನಾಶಮಾಡದೆ ಬಿಟ್ಟರು ಅಂತ ಪ್ರವಾದಿ ಯೋನ ಸಿಟ್ಟಾಗಿದ್ದಾನೆ. ನಿನೆವೆಯಲ್ಲಿ 1,20,000ಕ್ಕೂ ಹೆಚ್ಚು ಜನ, ಜೊತೆಗೆ ದನಕರುಗಳು, ಅವರನ್ನು ಕನಿಕರಿಸಬಾರದೇ ಅಂತ ದೇವರು ಕೇಳುತ್ತಾರೆ. ಯೋನ ಏನಂದ ಅಂತ ಪುಸ್ತಕ ಹೇಳುವುದಿಲ್ಲ. ನೀವೂ ಅವನ ಪರವಾಗಿ ಉತ್ತರ ಕೊಡಲು ಹೋಗಬೇಡಿ, ಪ್ರಾರ್ಥನೆಗೆ ಒಬ್ಬರನ್ನು ಕರೆಯಿರಿ.