ಸ್ಮಾರ್ಟ್ ಮನೆಯ ಆ್ಯಪ್: ಬಟನ್ ಸುಳ್ಳು ಹೇಳಬಾರದು

ಪುಣೆಯಲ್ಲಿ ಕಂಪ್ಯೂಟರ್ ಓದುತ್ತಿರುವ ನಮ್ಮ ಹುಡುಗ ಹುಡುಗಿಯರು ಸ್ಮಾರ್ಟ್ ಮನೆಯ ಆ್ಯಪ್, ಅಂದರೆ ಮನೆಯ ದೀಪ, ಫ್ಯಾನ್, ಗೀಸರ್‌ಗಳನ್ನು ಫೋನಿನಿಂದಲೇ ಆನ್, ಆಫ್ ಮಾಡುವ ಆ್ಯಪ್, ಮಾಡಿ ತಂದು ತೋರಿಸುತ್ತಾರೆ. ನೋಡಲು ಚೆನ್ನಾಗಿರುತ್ತದೆ. ಆದರೆ ವೈಫೈ ಆಫ್ ಮಾಡಿ ಬಟನ್ ಒತ್ತಿದರೆ ಪರದೆ 'ಆಫ್' ಅನ್ನುತ್ತದೆ, ಗೀಸರ್ ಮಾತ್ರ ಬಿಸಿಯಾಗುತ್ತಲೇ ಇರುತ್ತದೆ.

ಮೊದಲು ಕಾಗದದ ಮೇಲೆ ಬರೆಯಿರಿ. ದಿನಾ ಮುಟ್ಟುವ ನಾಲ್ಕೈದು ಸಾಧನಗಳಷ್ಟೇ ಮೊದಲ ಪರದೆಗೆ ಬರಲಿ. ಮನೆಯಲ್ಲಿ ಕರೆಯುವ ಹೆಸರೇ ಇರಲಿ: 'ಹಾಲ್ ಫ್ಯಾನ್', 'ದೇವರ ಕೋಣೆ ದೀಪ'. ಬಟನ್ ಆಂಡ್ರಾಯ್ಡ್‌ನಲ್ಲಿ ಕನಿಷ್ಠ 48 ಡಿಪಿ, ಐಫೋನ್‌ನಲ್ಲಿ 44 ಪಾಯಿಂಟ್ ಇರಬೇಕು (ಎರಡೂ ಪರದೆಯ ಮೇಲಿನ ಅಳತೆಗಳು).

ಕಷ್ಟದ ಕೆಲಸ ಮುಂದಿದೆ. ಬಟನ್‌ಗೆ ಆನ್, ಆಫ್ ಎರಡೇ ರೂಪ ಸಾಲದು. 'ಕಳಿಸಿದೆ, ಉತ್ತರ ಬರಬೇಕು' ಅನ್ನುವುದು ಮೂರನೆಯದು, 'ಸಂಪರ್ಕ ಇಲ್ಲ' ನಾಲ್ಕನೆಯದು. ಬೆರಳು ತಾಗಿ 0.1 ಸೆಕೆಂಡಿನೊಳಗೆ ಬಟನ್ ಮೂರನೆಯ ರೂಪಕ್ಕೆ ಬರಬೇಕು. ತಡವಾದರೆ ಜನ ಸುಮ್ನೆ ಮತ್ತೆ ಮತ್ತೆ ಒತ್ತುತ್ತಾರೆ. ಆ್ಯಪ್ ಕಳಿಸುವ ಆದೇಶ 'ಈಗಿರುವುದನ್ನು ಬದಲಿಸು' ಅಂತಿದ್ದರೆ, ಎರಡನೇ ಒತ್ತಿಗೆ ಆಫ್ ಆದದ್ದು ಮತ್ತೆ ಆನ್ ಆಗುತ್ತದೆ. ಹಾಗಾಗಿ 'ಆಫ್ ಆಗು' ಅಂತ ನೇರವಾಗಿ ಕಳಿಸಿ. ಉತ್ತರ ಬರುವ ತನಕ ಎಷ್ಟು ಸಲ ಒತ್ತಿದರೂ ಅದೇ ಆದೇಶ ಹೋಗಲಿ.

'ಆಫ್ ಆಗಿದೆ' ಅಂತ ತೋರಿಸುವುದು ಸಾಧನವೇ ಹಾಗೆ ಹೇಳಿದ ಮೇಲೆ. ಐದು ಸೆಕೆಂಡ್ ಕಾದರೂ ಉತ್ತರ ಇಲ್ಲವೇ? 'ಸಂಪರ್ಕ ಇಲ್ಲ. ಬೆಳಿಗ್ಗೆ 7:10ಕ್ಕೆ ಆನ್ ಇತ್ತು. ಗೋಡೆಯ ಸ್ವಿಚ್ ನೋಡಿ' ಅಂತ ಬರೆಯಿರಿ. ಯಾರೋ ಗೋಡೆಯ ಸ್ವಿಚ್ ಆರಿಸಿರುವುದೇ ಜಾಸ್ತಿ. ಪುಣೆಯಲ್ಲಿ ಗುರುವಾರ ರಿಪೇರಿಗೆ ಅಂತ ಕರೆಂಟ್ ತೆಗೆಯುತ್ತಾರಲ್ವಾ? ಕರೆಂಟ್ ಮರಳಿದಾಗ ಕೆಲವು ಸ್ಮಾರ್ಟ್ ಪ್ಲಗ್‌ಗಳು ತಾವಾಗಿಯೇ ಆನ್ ಆಗುತ್ತವೆ, ಕೆಲವು ಆಗುವುದಿಲ್ಲ. ಆದ್ದರಿಂದ ಹಳೆಯ ಸ್ಥಿತಿಯನ್ನೇ ತೋರಿಸದೆ, ಸಂಪರ್ಕ ಬಂದ ಕೂಡಲೇ ಸಾಧನವನ್ನು ಕೇಳಿ ತಿಳಿಯಬೇಕು.

ಅಗ್ಗಕ್ಕೆ ಸಿಗುವ ರೆಡಿಮೇಡ್ ಡಿಸೈನ್ ಕಿಟ್‌ಗಳಲ್ಲಿ (ಮೊದಲೇ ಬರೆದಿಟ್ಟ ಬಟನ್, ಪರದೆಗಳ ಕಟ್ಟು) ಎಷ್ಟೋ ಸಲ ಎರಡೇ ರೂಪ ಇರುತ್ತವೆ. ಅಂಥದ್ದಕ್ಕೆ ದುಡ್ಡು ಹಾಕಬೇಡಿ. ಕೆಂಪು, ಹಸಿರು ಬಣ್ಣವನ್ನಷ್ಟೇ ನಂಬುವುದೂ ಬೇಡ, ಕೆಲವರ ಕಣ್ಣಿಗೆ ಅವೆರಡೂ ಒಂದೇ. ಪಕ್ಕದಲ್ಲಿ ಪದ ಇರಲಿ.

ಆ ಪದ ಕನ್ನಡದಲ್ಲಿರಲಿ ಅನ್ನುವುದು ನನ್ನ ಗಟ್ಟಿ ಸಲಹೆ. ಪರವೂರಿನಲ್ಲಿ ಮಕ್ಕಳ ಜೊತೆ ಇರುವ ಹಿರಿಯರಿಗೆ ಆ್ಯಪ್ ಬಳಸಲು ಬರದಿದ್ದರೆ ಫ್ಯಾನ್ ಹಾಕಲೂ ಇನ್ನೊಬ್ಬರನ್ನು ಕರೆಯಬೇಕಾಗುತ್ತದೆ. ಇಂಗ್ಲಿಷಿಗೆ ಅಳೆದ ಸಾಲಿನಲ್ಲಿ ನಮ್ಮ ಒತ್ತಕ್ಷರದ ಬುಡ ಕತ್ತರಿಸಿಹೋಗುತ್ತದೆ. ಸಾಲಿನ ಎತ್ತರ ಅಕ್ಷರದ ಒಂದೂವರೆ ಪಟ್ಟು ಇಡಿ.

ದೀಪಕ್ಕೆ 'ಖಚಿತವೇ?' ಅಂತ ಕೇಳಬೇಡಿ. ಬಾಗಿಲಿನ ಬೀಗ ತೆಗೆಯಲು ಬೆರಳಚ್ಚು ಕೇಳಿ.

ಕೊನೆಗೆ ಪರೀಕ್ಷೆ. ಫೋನಿನ ಅಕ್ಷರ ಅತಿ ದೊಡ್ಡದಾಗಿಟ್ಟು ಮನೆಯ ಹಿರಿಯರ ಕೈಗೆ ಕೊಡಿ. ಅವರು ಬಟನ್ ಒತ್ತುವ ಹೊತ್ತಿಗೆ ರೌಟರ್ ಆಫ್ ಮಾಡಿ, ಗೀಸರ್ ಆರಿದೆಯಾ ಅಂತ ಕೇಳಿ. 'ಗೊತ್ತಿಲ್ಲ, ಹೋಗಿ ನೋಡಬೇಕು' ಅಂದರೆ ಪರದೆ ಸರಿಯಾಗಿದೆ.