ಬೇಕರಿ ಓವನ್‌ನ ಸೆನ್ಸಾರ್ ದೋಷ ಹುಡುಕಿದ ಬಗೆ: ನನ್ನ ಅನುಭವ

ತೀರ್ಥಹಳ್ಳಿಯ ಬೇಕರಿಯೊಂದರ ವಿದ್ಯುತ್ ಓವನ್‌ನಲ್ಲಿ ಪುನರ್ವಸು ಮಳೆ ಹಿಡಿದಾಗಿನಿಂದ ಬನ್ನುಗಳು ಕೆಂಪಗಾಗದೆ ಬಿಳಿಚಿಕೊಂಡೇ ಹೊರಬರುತ್ತಿದ್ದವು. ತಾಪ ನಿಯಂತ್ರಿಸುವ ಕಂಟ್ರೋಲರ್ 220 ಡಿಗ್ರಿ ತೋರಿಸುತ್ತಿದ್ದರೂ ಒಳಗಿಟ್ಟ ಮುಳ್ಳಿನ ಥರ್ಮಾಮೀಟರ್ 190ರ ಆಸುಪಾಸಿನಲ್ಲೇ ನಿಲ್ಲುತ್ತಿತ್ತು. "ಸೆನ್ಸಾರ್ ಹೋಗಿದೆ ಮಾರಾಯ್ರೆ, ಶಿವಮೊಗ್ಗದಿಂದ ಹೊಸದು ತರಿಸಿಟ್ಟಿದ್ದೇನೆ, ಹಾಕಿಕೊಟ್ಟು ಹೋಗಿ" ಎಂದು ಮಾಲೀಕರು ಡಬ್ಬಿಯನ್ನು ಕೈಗಿಟ್ಟರು. ಅಳೆದು ನೋಡದೆ ಸೆನ್ಸಾರ್ ಬದಲಿಸುವುದು ನನಗೆ ಒಗ್ಗದ ಕೆಲಸವಾದ್ದರಿಂದ ಆ ಡಬ್ಬಿಯನ್ನು ತೆರೆಯದೆ ಬದಿಗಿಟ್ಟೆ.

ಹೀಟರ್ ಕಾಯಿಲ್ ಸುಟ್ಟಿದ್ದರೆ ಪರದೆಯ ಮೇಲಿನ ಅಂಕಿಯೇ ತಡವಾಗಿ ಏರಬೇಕಿತ್ತು. ಇಲ್ಲಿ ಅಂಕಿ ಬೇಗನೆ ಏರಿ, 220 ಮುಟ್ಟಿದೊಡನೆ ಕಾಂಟ್ಯಾಕ್ಟರ್ (ಹೀಟರ್‌ಗೆ ವಿದ್ಯುತ್ ಕೊಟ್ಟು ಕಡಿಯುವ ಸ್ವಿಚ್ಚು) ಸರಿಯಾಗಿಯೇ ಬಿಟ್ಟುಕೊಳ್ಳುತ್ತಿತ್ತು. ಅಂದರೆ ಓವನ್ ಇರುವುದಕ್ಕಿಂತ ಹೆಚ್ಚು ಬಿಸಿಯಾಗಿದೆ ಎಂದು ಕಂಟ್ರೋಲರ್ ನಂಬಿತ್ತು. ಹಾಗೆ ನಂಬಿಸುತ್ತಿದ್ದುದು ಸೆನ್ಸಾರೋ, ತಂತಿಯೋ, ಕಂಟ್ರೋಲರೋ ಎಂಬುದಷ್ಟೇ ಉಳಿದ ಪ್ರಶ್ನೆ.

ವಾರದ ರಜೆಯ ಮರುದಿನ, ಓವನ್ ಪೂರ್ತಿ ತಣ್ಣಗಿರುವಾಗ, ಬೆಳಿಗ್ಗೆಯೇ ಹೋಗಿ ನೋಡಿದೆ. ಬಿಸಿ ಓವನ್‌ನಲ್ಲಿ ಮೂಲೆಗೊಂದು ತಾಪವಿರುತ್ತದೆ; ತಣ್ಣಗಿದ್ದಾಗ ಸೆನ್ಸಾರ್, ಗೋಡೆ, ಗಾಳಿ ಎಲ್ಲವೂ ಒಂದೇ ತಾಪದಲ್ಲಿರುವುದರಿಂದ ವಾದಕ್ಕೆ ಎಡೆಯಿರುವುದಿಲ್ಲ. ಕೋಣೆಯ ತಾಪ 23 ಡಿಗ್ರಿ, ಪರದೆಯಲ್ಲಿ 52.

ಅದು ಪಿಟಿ 100 ಎಂಬ ಪ್ಲಾಟಿನಂ ಸೆನ್ಸಾರ್. 0 ಡಿಗ್ರಿಯಲ್ಲಿ ಅದರ ರೋಧ, ಅಂದರೆ ವಿದ್ಯುತ್ತಿಗೆ ಅದು ಒಡ್ಡುವ ತಡೆ, ಸರಿಯಾಗಿ 100 ಓಮ್ ಇರುತ್ತದೆ. ಅಲ್ಲಿಂದ ಮೇಲೆ ಡಿಗ್ರಿಗೆ ಸುಮಾರು 0.385 ಓಮ್‌ನಂತೆ ಏರುತ್ತದೆ. 23 ಡಿಗ್ರಿಗೆ 109 ಓಮ್ ಸಿಗಬೇಕು. ಮೂರು ಫೇಸ್‌ನ ಮುಖ್ಯ ಸ್ವಿಚ್ಚನ್ನೇ ಇಳಿಸಿ, ಕಂಟ್ರೋಲರ್‌ನಿಂದ ಸೆನ್ಸಾರ್‌ನ ಮೂರೂ ತಂತಿಗಳನ್ನು ಬಿಡಿಸಿಕೊಂಡು, ಮಲ್ಟಿಮೀಟರ್‌ನ ಎರಡು ಕಡ್ಡಿಗಳನ್ನು ಒಂದಕ್ಕೊಂದು ಮುಟ್ಟಿಸಿದಾಗ ಬರುವ ಅಲ್ಪ ರೋಧವನ್ನು ಮೊದಲು ಬರೆದಿಟ್ಟುಕೊಂಡು ಅಳತೆ ಶುರುಮಾಡಿದೆ. ಒಂದೇ ಬಣ್ಣದ ಎರಡು ತಂತಿಗಳ ನಡುವೆ ಒಂದು ಓಮ್ ಕೂಡ ಇರಲಿಲ್ಲ, ಅದು ಸರಿ. ಬೇರೆ ಬಣ್ಣದ ತಂತಿಗೂ ಅವುಗಳಲ್ಲಿ ಒಂದಕ್ಕೂ ನಡುವೆ 120 ಓಮ್ ಬಂತು. ಓವನ್‌ನ ಹಿಂಬದಿಗೆ ಹೋಗಿ, ಸೆನ್ಸಾರ್ ತಲೆಯ ಮುಚ್ಚಳ ತೆಗೆದು ಟರ್ಮಿನಲ್‌ನಲ್ಲೇ ಅಳೆದರೆ ಅಲ್ಲಿ 109! ಆ 11 ಓಮ್ ತಂತಿಯ ದಾರಿಯಲ್ಲಿ ಎಲ್ಲೋ ಸೇರಿಕೊಳ್ಳುತ್ತಿತ್ತು. ತಣ್ಣಗಿದ್ದಾಗ ಅದು 29 ಡಿಗ್ರಿಯ ತಪ್ಪು, 200ರ ಆಸುಪಾಸಿನಲ್ಲಿ 30 ಡಿಗ್ರಿಯ ತಪ್ಪು. ಬಿಳಿಚಿದ ಬನ್ನಿನ ಲೆಕ್ಕ ಅಲ್ಲಿಗೆ ತಾಳೆಯಾಯಿತು.

ಮಾಲೀಕರಿಗೆ ಸಮಾಧಾನವಾಗಲೆಂದು ಸೆನ್ಸಾರನ್ನು ಬಿಚ್ಚಿ, ಪುಡಿ ಮಾಡಿದ ಮಂಜುಗಡ್ಡೆ ಮತ್ತು ನೀರು ತುಂಬಿದ ಫ್ಲಾಸ್ಕ್‌ನಲ್ಲಿ ಅದರ ತುದಿಯನ್ನು ಇಳಿಬಿಟ್ಟೆ: 100 ಓಮ್. ಕುದಿಯುವ ನೀರಿನಲ್ಲಿ 137.7. ಪುಸ್ತಕದ ಪ್ರಕಾರ 100 ಡಿಗ್ರಿಗೆ 138.5 ಬರಬೇಕಲ್ಲ ಎಂದು ಗಾಬರಿಯಾಗಬೇಕಿಲ್ಲ. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ನಮ್ಮ ಕಡೆ ನೀರು 98 ಡಿಗ್ರಿಗೇ ಕುದಿಯುತ್ತದೆ. ಆಮೇಲೆ ಕಂಟ್ರೋಲರ್‌ಗೆ ಸೆನ್ಸಾರ್‌ನ ಬದಲು 100 ಓಮ್‌ನ ನಿಖರ ರೆಸಿಸ್ಟರ್ ಜೋಡಿಸಿದಾಗ ಪರದೆಯಲ್ಲಿ 1 ಮೂಡಿತು. ಅದೂ ನಿರ್ದೋಷಿ.

ಓವನ್‌ನ ಜಾಗ ಬದಲಿಸಿದಾಗ ತಂತಿ ಸಾಲದೆ ಯಾರೋ ತುಂಡು ಸೇರಿಸಿದ್ದರು. ಮಳೆಗಾಲದಲ್ಲಿ ಸದಾ ಒದ್ದೆಯಾಗಿರುವ ಗೋಡೆಗೆ ತಾಗಿಕೊಂಡೇ ಆ ಗಂಟುಗಳಿದ್ದವು. ಅಂಟಂಟಾದ ಟೇಪು ಬಿಚ್ಚಿದರೆ, ಬರಿದೆ ತಿರುಚಿ ಕಟ್ಟಿದ ಮೂರರಲ್ಲಿ ಬೇರೆ ಬಣ್ಣದ ತಂತಿಯ ಗಂಟು ಪೂರ್ತಿ ಕಿಲುಬು ಹಿಡಿದು, ಬೆರಳಿಗೆ ಹಸಿರು ಪುಡಿ ಅಂಟುತ್ತಿತ್ತು. ಮೂರು ತಂತಿಯ ವ್ಯವಸ್ಥೆ ಇರುವುದೇ ತಂತಿಯ ರೋಧವನ್ನು ಕಳೆಯಲಿಕ್ಕೆ. ಆದರೆ ಮೂರೂ ಸಮವಾಗಿವೆ ಎಂದು ಭಾವಿಸಿ ಕಂಟ್ರೋಲರ್ ಆ ಲೆಕ್ಕ ಹಾಕುವುದರಿಂದ, ಅದೊಂದೇ ತಂತಿಯಲ್ಲಿ ಹೆಚ್ಚಿದ ರೋಧವನ್ನು ಅದು ಬಿಸಿಯೆಂದೇ ಓದಿಕೊಳ್ಳುತ್ತದೆ.

"ಕಂಟ್ರೋಲರ್‌ನಲ್ಲೇ 30 ಡಿಗ್ರಿ ಕಳೆದುಬಿಟ್ಟರೆ ಆಗುವುದಿಲ್ಲವೇ?" ಎಂಬ ಪ್ರಶ್ನೆ ಬಂತು. ಆಫ್‌ಸೆಟ್ ಎಂಬ ಸೌಲಭ್ಯ ಇದೆ ನಿಜ, ಆದರೆ ಕಿಲುಬು ಹಿಡಿದ ಗಂಟಿನ ರೋಧ ತೇವಕ್ಕೂ ಅಲುಗಾಟಕ್ಕೂ ಬದಲಾಗುತ್ತಲೇ ಇರುತ್ತದೆ. ಇಂದು ಕಳೆದ 30, ಬಿಸಿಲು ಬಿದ್ದು ಗಂಟು ಒಣಗಿದ ದಿನ ರಸ್ಕನ್ನು ಸುಟ್ಟು ಕರಕಲು ಮಾಡಬಹುದು. ಹಳೆಯ ತಂತಿಯನ್ನು ಪೂರ್ತಿ ತೆಗೆದು, ಗಾಜಿನ ನಾರಿನ ಹೊದಿಕೆಯ ಮೂರೆಳೆ ತಂತಿಯನ್ನು ಸೆನ್ಸಾರ್‌ನಿಂದ ಕಂಟ್ರೋಲರ್‌ವರೆಗೆ ಜೋಡಣೆಯಿಲ್ಲದೆ, ಹೀಟರ್ ಕೇಬಲ್‌ಗಳಿಂದ ದೂರವಾಗಿ ಎಳೆದೆ. ಪರದೆ 24 ತೋರಿಸಿತು. ತರಿಸಿಟ್ಟಿದ್ದ ಸೆನ್ಸಾರನ್ನು ಮಾಲೀಕರು ಅಂಗಡಿಗೆ ಮರಳಿಸಿದರು.

ಎಲ್ಲ ಓವನ್‌ಗಳಲ್ಲೂ ಇದೇ ಸೆನ್ಸಾರ್ ಇರುವುದಿಲ್ಲ. ಕೆ ಮಾದರಿಯ ಥರ್ಮೋಕಪಲ್ (ಎರಡು ಬಗೆಯ ಲೋಹದ ತಂತಿಗಳನ್ನು ಬೆಸೆದು, ಬಿಸಿಗೆ ಹುಟ್ಟುವ ಅಲ್ಪ ವೋಲ್ಟೇಜ್‌ನಿಂದ ತಾಪ ತಿಳಿಸುವ ಸೆನ್ಸಾರ್) ಇದ್ದರೆ ಓಮ್ ಅಳೆದು ತಾಪ ತಿಳಿಯಲಾಗದು, ತಂತಿ ತುಂಡಾಗಿದೆಯೇ ಎಂಬುದಷ್ಟೇ ತಿಳಿಯುತ್ತದೆ. ಅಲ್ಲಿ ಕಂಟ್ರೋಲರ್‌ನ ಎರಡು ಇನ್‌ಪುಟ್ ಟರ್ಮಿನಲ್‌ಗಳನ್ನು ಚಿಕ್ಕ ತಂತಿಯಿಂದ ಜೋಡಿಸಿದಾಗ ಪರದೆ ಕೋಣೆಯ ತಾಪದ ಹತ್ತಿರ ಬಂದರೆ ಕಂಟ್ರೋಲರ್ ಬಹುಮಟ್ಟಿಗೆ ಸರಿಯಿದೆ ಎಂದು ಹಿಡಿಯಬಹುದು. ಓವನ್ ಬಿಸಿಯಾದಂತೆ ಅಂಕಿ ಇಳಿಯುತ್ತಾ ಹೋದರೆ ತಂತಿಗಳು ಅದಲುಬದಲಾಗಿವೆ. ಥರ್ಮೋಕಪಲ್‌ಗೆ ಸಾಮಾನ್ಯ ತಾಮ್ರದ ತಂತಿಯನ್ನು ಸೇರಿಸಿ ಉದ್ದ ಮಾಡುವುದು ಸಲ್ಲದು. ಕೆ ಮಾದರಿಗೆಂದೇ ಸಿಗುವ ತಂತಿಯನ್ನೇ ಬಳಸಬೇಕು.