ಅಕ್ಕಿ ಚೀಲ ಹೊತ್ತು ಬ್ಯಾಗ್ ಆರಿಸಿದ್ದು

ನನ್ನ ಮೊದಲ ಟ್ರೆಕ್ಕಿಂಗ್ ಬ್ಯಾಗ್ ನೋಡಿ ಭಾವ ಕೇಳಿದ್ದು ಒಂದೇ ಮಾತು. "ಎಂತ ಮಾರಾಯ್ತಿ, ಗಡಿಗೆ ಹೊರಟದ್ದಾ?"

ಭಾವ ಅಂದರೆ ಅಕ್ಕನ ಗಂಡ. 17 ವರ್ಷ ಸೇನೆಯಲ್ಲಿದ್ದು ಬಂದವರು. ಈಗ ಬ್ರಹ್ಮಾವರದ ಹತ್ತಿರ ತೋಟ ನೋಡಿಕೊಂಡಿದ್ದಾರೆ. ಅವರು ಮೆಚ್ಚಿಕೊಳ್ಳುತ್ತಾರೆ ಅಂದುಕೊಂಡೇ ನಾನು ಉಡುಪಿಯಿಂದ ಬ್ಯಾಗ್ ಹೊತ್ತುಕೊಂಡು ಹೋಗಿದ್ದೆ. ಹಸಿರು, ಕಂದು ಬಣ್ಣದ ಚಿತ್ತಾರ, ಮೈತುಂಬ ಪಟ್ಟಿ, ಎಲ್ಲಿ ನೋಡಿದರೂ ಬಕಲ್. ಆನ್‌ಲೈನ್‌ನಲ್ಲಿ 'ಮಿಲಿಟರಿ ಟ್ಯಾಕ್ಟಿಕಲ್, 50 ಲೀಟರ್' ಅಂತ ಹೆಸರು, 2,200 ರೂಪಾಯಿ. ಸೈನಿಕರು ಹೊರುವಂಥದ್ದು ಗಟ್ಟಿ ಇರಲೇಬೇಕು, ಗಟ್ಟಿ ಇದ್ದರೆ ಒಳ್ಳೆಯದೇ ಇರಬೇಕು ಅನ್ನುವುದು ನನ್ನ ಲೆಕ್ಕ. ಲೆಕ್ಕದ ಅರ್ಧ ಮಾತ್ರ ಸರಿ ಇತ್ತು.

ಆ ಬ್ಯಾಗ್ ಹೊತ್ತು ಹೋದದ್ದು ಕುಮಾರ ಪರ್ವತಕ್ಕೆ. ಮೇಲೆ ಟೆಂಟ್ ಹಾಕಲು ಬಿಡುತ್ತಿದ್ದ ಕಾಲ ಅದು. ಅಕ್ಟೋಬರ್ ಆದರೂ ಮಳೆ ಪೂರ್ತಿ ಬಿಟ್ಟಿರಲಿಲ್ಲ. ಕುಕ್ಕೆಯ ಕಡೆಯಿಂದ ಹತ್ತಿದವರಿಗೆ ಗೊತ್ತು, ಆ ದಾರಿ ಯಾರನ್ನೂ ಸುಮ್ನೆ ಬಿಡುವುದಿಲ್ಲ. ತುದಿ 1,712 ಮೀಟರ್. ಕುಕ್ಕೆ ಇರುವುದು ನೂರು ಚಿಲ್ಲರೆ ಮೀಟರ್ ಎತ್ತರದಲ್ಲಿ. ಮಿಕ್ಕಿದ್ದೆಲ್ಲ ನಮ್ಮ ಕಾಲಿನ ಪಾಲು.

ದಾರಿ ನಡುವೆ ಚಾರಣಿಗರಿಗೆ ಊಟ ಹಾಕುವ ಭಟ್ಟರ ಮನೆ ತಲುಪುವ ಹೊತ್ತಿಗೆ ನನ್ನ ಹೆಗಲು ಸತ್ತೇಹೋಗಿತ್ತು. ಬೆನ್ನ ಮೇಲೆ ಇದ್ದದ್ದು 10 ಕಿಲೋ ಇರಬಹುದು, ಅದರಲ್ಲಿ 3 ಕಿಲೋ ನೀರೇ. ಬ್ಯಾಗ್‌ಗೆ ಸೊಂಟದ ಬೆಲ್ಟ್ ಅಂತ ಒಂದು ಇತ್ತು, ಆದರೆ ಅದು ಬರೀ ಒಂದು ತೆಳು ಪಟ್ಟಿ. ಬಿಗಿದರೆ ಸೊಂಟದ ಎಲುಬಿನ ಮೇಲೆ ಕೂರುತ್ತಿರಲಿಲ್ಲ, ಹೊಟ್ಟೆಗೆ ಒತ್ತುತ್ತಿತ್ತು. ಬಿಟ್ಟರೆ ಪೂರ್ತಿ ಭಾರ ಹೆಗಲಿಗೆ. ಭಟ್ಟರ ಮನೆಯ ಅನ್ನ, ಸಾಂಬಾರು, ಮಜ್ಜಿಗೆ ಉಂಡು ಎದ್ದಾಗ ಬ್ಯಾಗ್ ಮತ್ತೆ ಏರಿಸಲು ಮನಸ್ಸೇ ಬರಲಿಲ್ಲ.

ಇನ್ನೊಂದು ವಿಷಯ ಯಾರೂ ಹೇಳಿರಲಿಲ್ಲ. ಉಂಬಳ, ಅಂದರೆ ರಕ್ತ ಹೀರುವ ಕಾಡಿನ ಜಿಗಣೆ. ಆ ಬ್ಯಾಗ್‌ಗಳ ಹೊರಮೈಯಲ್ಲಿ ಸಾಲುಸಾಲು ಪಟ್ಟಿ ಹೊಲಿದಿರುತ್ತಾರಲ್ಲ, ಅದಕ್ಕೆ ಒಂದು ಲೆಕ್ಕ ಉಂಟು. ಅಮೆರಿಕದ ಸೇನೆ 1997ರಲ್ಲಿ ತಂದ 'ಮಾಲಿ' ಅನ್ನುವ ವ್ಯವಸ್ಥೆಯದು. ಒಂದು ಇಂಚು ಅಗಲದ ಪಟ್ಟಿ, ಒಂದು ಇಂಚು ಬಿಟ್ಟು ಇನ್ನೊಂದು, ಪ್ರತಿ ಒಂದೂವರೆ ಇಂಚಿಗೆ ಒಂದು ಹೊಲಿಗೆ. ಬೇಕಾದ ಚೀಲವನ್ನು ಬೇಕಾದಲ್ಲಿ ಸಿಕ್ಕಿಸಿಕೊಳ್ಳಲು ಹಾಗೆ ಮಾಡಿದ್ದು. ಮದ್ದುಗುಂಡು, ನೀರು, ಬ್ಯಾಂಡೇಜು ಎಲ್ಲ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಬೇಕಾದವರಿಗೆ ಅದು ಬಹಳ ಒಳ್ಳೆಯದು. ನನ್ನ ಬಳಿ ಸಿಕ್ಕಿಸಲು ಎಂತದ್ದೂ ಇರಲಿಲ್ಲ. ಆ ಸಂದುಗಳಲ್ಲಿ ಉಂಬಳಗಳು ಬಂದು ಕೂತವು. ಬ್ಯಾಗ್ ಇಳಿಸಿ ಒರಗಿ ಕೂತರೆ ಒಂದೊಂದಾಗಿ ಕುತ್ತಿಗೆಗೆ ಬರುತ್ತಿದ್ದವು. ಸುಣ್ಣ, ಉಪ್ಪು ಏನು ಹಚ್ಚಿದರೂ ಪಟ್ಟಿಯ ಒಳಗೆ ಇದ್ದದ್ದು ಹೊರಗೆ ಬರುವುದಿಲ್ಲ. ಲಂಟಾನದ ಮುಳ್ಳು ಸಿಕ್ಕಿಕೊಂಡು ಎಳೆದದ್ದು ಬೇರೆ.

ಮನೆಗೆ ಬಂದವಳೇ ಮಾಡಿದ ಮೊದಲ ಕೆಲಸ, ಖಾಲಿ ಬ್ಯಾಗ್ ತೂಗಿದ್ದು. ನಮ್ಮ ಬೀದಿಯ ಜಿನಸಿ ಅಂಗಡಿಯ ತಕ್ಕಡಿಯಲ್ಲಿ ಒದ್ದೆ ಬ್ಯಾಗ್ 3 ಕಿಲೋ 100 ಗ್ರಾಂ ಬಂತು. ನಾಲ್ಕು ದಿನ ಒಣಗಿಸಿ ಮತ್ತೆ ತೂಗಿದೆ. 2 ಕಿಲೋ 300. ಅಂದರೆ 800 ಗ್ರಾಂ ಮಳೆನೀರನ್ನು ನಾನು ಸುಮ್ನೆ ಹೊತ್ತಿದ್ದೆ. ಪಟ್ಟಿ, ಫೋಮು, ದಪ್ಪ ಬಟ್ಟೆ ಎಲ್ಲ ನೀರು ಕುಡಿಯುತ್ತವೆ. ಅಂಗಡಿಯವರು ಎರಡನೇ ಸಲ ನನ್ನ ಮುಖ ನೋಡಿದರೇ ಹೊರತು ಏನೂ ಕೇಳಲಿಲ್ಲ.

ಭಾವನ ಹತ್ತಿರ ದೂರಿಕೊಂಡೆ. "ಮತ್ತೆ ನೀವು 17 ವರ್ಷ ಹೊತ್ತದ್ದು ಹೇಗೆ?"

"ನಮಗೆ ಬೇರೆ ಆಯ್ಕೆ ಕೊಟ್ಟದ್ದು ಯಾರು?" ಅಂದರು. "ಅದು ಆರಾಮಕ್ಕೆ ಮಾಡಿದ್ದಲ್ಲ ಮಾರಾಯ್ತಿ. ಲಾರಿಯಿಂದ ಎಸೆದರೂ ಹರಿಯಬಾರದು, ಗುಂಡು ಹಾರಿದರೆ ಒಂದೇ ಎಳೆತಕ್ಕೆ ಬೀಳಿಸಲು ಆಗಬೇಕು. ಸೊಂಟದಲ್ಲಿ ಬೇರೆ ಸಾಮಾನು ಇರ್ತದೆ. ಬೆಲ್ಟ್ ಕೂರುದು ಎಲ್ಲಿ?"

ನನಗೆ ಅರ್ಥವಾದದ್ದು ಅಲ್ಲಿಯೇ. ಸೈನಿಕನ ಸೊಂಟ ಖಾಲಿ ಇಲ್ಲ, ನನ್ನದು ಖಾಲಿ ಉಂಟು. ಹೈಕಿಂಗ್ ಬ್ಯಾಗ್ ಮಾಡುವವರು ಮಾಡಿದ ದೊಡ್ಡ ಕೆಲಸ ಅಂದರೆ ಆ ಖಾಲಿ ಸೊಂಟವನ್ನು ಬಳಸಿಕೊಂಡದ್ದು. ಒಳಗೊಂದು ಫ್ರೇಮ್, ಕೆಳಗೆ ದಪ್ಪ ಬೆಲ್ಟ್. ಫ್ರೇಮ್ ಭಾರವನ್ನು ಕೆಳಗೆ ದಾಟಿಸುತ್ತದೆ, ಬೆಲ್ಟ್ ಅದನ್ನು ಸೊಂಟದ ಎಲುಬಿಗೆ ಕೊಡುತ್ತದೆ. ಹೆಗಲಿಗೆ ಉಳಿಯುವುದು ಬ್ಯಾಗ್ ಹಿಂದಕ್ಕೆ ವಾಲದಂತೆ ಹಿಡಿಯುವ ಕೆಲಸ ಅಷ್ಟೆ. ನಮ್ಮ ಸೇನೆಯೂ ಬೆಂಗಳೂರಿನ ವೈಲ್ಡ್‌ಕ್ರಾಫ್ಟ್‌ನಂಥ ಟ್ರೆಕ್ಕಿಂಗ್ ಕಂಪನಿಯಿಂದ ರಕ್‌ಸ್ಯಾಕ್ ತರಿಸಿಕೊಂಡಿದೆ. ಮತ್ತೆ ನಾನೇಕೆ ಉಲ್ಟಾ ಹೋಗಬೇಕು, ಅಲ್ವಾ?

ಹಾಗಂತ ಮರುದಿನವೇ ಅಂಗಡಿಗೆ ಓಡಲಿಲ್ಲ. ಈ ಸಲ ಮೊದಲು ಬೆನ್ನು ಅಳೆದೆ. ಇದು ಎಲ್ಲಕ್ಕಿಂತ ಮುಖ್ಯ ಅಂತ ಈಗಲೂ ಹೇಳುತ್ತೇನೆ. ಲೀಟರ್, ಬ್ರಾಂಡ್ ಎಲ್ಲ ಆಮೇಲೆ. ತಲೆ ಬಗ್ಗಿಸಿದರೆ ಕುತ್ತಿಗೆಯ ಬುಡದಲ್ಲಿ ಒಂದು ಎಲುಬು ಗುಬುಟಾಗಿ ಕೈಗೆ ಸಿಗುತ್ತದೆ. ಅದು ಒಂದು ತುದಿ. ಎರಡೂ ಕೈಯನ್ನು ಸೊಂಟದ ಎಲುಬಿನ ಮೇಲಂಚಿಗೆ ಇಟ್ಟು, ಹೆಬ್ಬೆರಳನ್ನು ಹಿಂದಕ್ಕೆ ಚಾಚಿದರೆ ಅವು ಬೆನ್ನುಮೂಳೆಯ ಹತ್ತಿರ ಬರುವ ಜಾಗ ಇನ್ನೊಂದು ತುದಿ. ನಡುವೆ ಟೈಲರ್ ಟೇಪು. ಅಕ್ಕ ಅಳೆದು ಕೊಟ್ಟಳು, ನನ್ನದು 42 ಸೆಂಟಿಮೀಟರ್. ಎತ್ತರಕ್ಕೂ ಇದಕ್ಕೂ ನೇರ ಸಂಬಂಧ ಇಲ್ಲ. ನನಗಿಂತ ಅರ್ಧ ಅಡಿ ಎತ್ತರದ ಗೆಳತಿಯ ಬೆನ್ನು ನನ್ನದಕ್ಕಿಂತ ಬರೀ ಒಂದು ಸೆಂಟಿಮೀಟರ್ ಉದ್ದ, ಉಳಿದದ್ದೆಲ್ಲ ಕಾಲು. ನಾನು ತಂದಿದ್ದ ಮಿಲಿಟರಿ ಮಾದರಿಗೆ ಒಂದೇ ಸೈಜು. ಯಾರೋ ಆರಡಿ ಗಂಡಸಿನ ಬೆನ್ನಿಗೆ ಹೊಲಿದದ್ದನ್ನು ನಾನು ಹೊತ್ತಿದ್ದೆ.

ಆಮೇಲೆ ಮಂಗಳೂರಿನ ಒಂದು ಅಂಗಡಿಗೆ ಹೋದೆ. ಕೈಯಲ್ಲಿ 5 ಕಿಲೋದ ಎರಡು ಕುಚ್ಚಲಕ್ಕಿ ಚೀಲ. ಖಾಲಿ ಬ್ಯಾಗ್ ಹಾಕಿ ಕನ್ನಡಿ ನೋಡಿದರೆ ಎಲ್ಲವೂ ಚೆಂದವೇ. ಒಳಗೆ ಭಾರ ಇದ್ದಾಗಲೇ ಬಣ್ಣ ಗೊತ್ತಾಗುವುದು. ಅಂಗಡಿಯ ಹುಡುಗರು ಮೊದಲು ನಕ್ಕರು, ಆಮೇಲೆ ಅವರೇ ತಂದು ತಂದು ಕೊಟ್ಟರು. ಮೂರು ಬ್ಯಾಗ್‌ಗೆ ಅಕ್ಕಿ ತುಂಬಿಸಿ, ಒಂದೊಂದನ್ನೂ ಇಪ್ಪತ್ತು ನಿಮಿಷ ಹೊತ್ತು ಮೆಟ್ಟಿಲು ಹತ್ತಿ ಇಳಿದೆ. ಬಿಗಿಯುವುದಕ್ಕೂ ಒಂದು ಕ್ರಮ ಉಂಟು ಅಂತ ಆಗ ಕಲಿತೆ. ಮೊದಲು ಎಲ್ಲ ಪಟ್ಟಿ ಸಡಿಲ ಮಾಡಬೇಕು. ಸೊಂಟದ ಬೆಲ್ಟ್ ಎಲುಬಿನ ಮೇಲೆ ಕೂರುವಂತೆ ಹಾಕಿ ಬಿಗಿಯಬೇಕು. ಆಮೇಲೆ ಹೆಗಲ ಪಟ್ಟಿ, ಆಮೇಲೆ ಎದೆಯ ಪಟ್ಟಿ. ಕೊನೆಗೆ ಹೆಗಲ ಮೇಲಿಂದ ಬ್ಯಾಗ್‌ನ ತಲೆಗೆ ಹೋಗುವ ಸಣ್ಣ ಪಟ್ಟಿ. ಲೋಡ್ ಲಿಫ್ಟರ್ ಅನ್ನುತ್ತಾರೆ. ಅದು ಸುಮಾರು 45 ಡಿಗ್ರಿ ಓರೆಯಲ್ಲಿ ನಿಂತರೆ ಬೆನ್ನಿನ ಅಳತೆ ಸರಿ ಇದೆ ಅಂತ ಅರ್ಥ. ಎರಡು ಬ್ಯಾಗ್‌ನಲ್ಲಿ ನಿಲ್ಲಲಿಲ್ಲ. ಮೂರನೆಯದು, ಬೆನ್ನಿನ ಉದ್ದ ಹೊಂದಿಸಿಕೊಳ್ಳಲು ಆಗುವಂಥದ್ದು, ನಿಂತಿತು. 50 ಲೀಟರ್, 1 ಕಿಲೋ 700 ಗ್ರಾಂ, ಆರು ಸಾವಿರದ ಹತ್ತಿರ ಬೆಲೆ. ಹೊಟ್ಟೆ ಉರಿಯಿತು, ಆದರೆ ಅದೇ 10 ಕಿಲೋ ಅಕ್ಕಿ ಆರು ಕಿಲೋದ ಹಾಗೆ ಅನ್ನಿಸಿತು. ಅಕ್ಕಿ ಮನೆಗೆ ವಾಪಸ್ ತಂದು ಗಂಜಿಗೆ ಹಾಕಿದೆವು.

ಬಟ್ಟೆ ತೆಳ್ಳಗೆ ಇದೆಯಲ್ಲ ಅನ್ನುವ ಅನುಮಾನ ಮಾತ್ರ ಹೋಗಿರಲಿಲ್ಲ. ಮಿಲಿಟರಿ ಬ್ಯಾಗ್‌ಗಳಲ್ಲಿ 500 ಅಥವಾ 1000 ಡೆನಿಯರ್ ನೈಲಾನ್ ಇರುತ್ತದೆ. ಹೈಕಿಂಗ್ ಬ್ಯಾಗ್‌ಗಳಲ್ಲಿ 210ರ ಆಸುಪಾಸಿನದ್ದೂ ಇರುತ್ತದೆ. 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅದೇ ಡೆನಿಯರ್. ನಮ್ಮ ಉಡುಪಿ ಸೀರೆಯ ನೂಲಿಗೆ ಕೌಂಟ್ ಹೇಳುತ್ತಾರಲ್ಲ, ಅಲ್ಲಿ ಸಂಖ್ಯೆ ಜಾಸ್ತಿ ಆದಷ್ಟು ನೂಲು ತೆಳು. ಇಲ್ಲಿ ಅದಕ್ಕೆ ಉಲ್ಟಾ. ಆದರೆ ನಾಲ್ಕು ವರ್ಷ ಬಳಸಿದ ಮೇಲೆ ಹೇಳುತ್ತೇನೆ, ಮೈ ಬಟ್ಟೆ ಎಲ್ಲೂ ಹರಿದಿಲ್ಲ. ಹರಿದದ್ದು ನೀರಿನ ಬಾಟಲಿ ಇಡುವ ಪಕ್ಕದ ಜಾಲರಿ ಜೇಬು. ಎರಡನೇ ಟ್ರೆಕ್ಕಿನಲ್ಲೇ ಮುಳ್ಳಿಗೆ ಸಿಕ್ಕಿ ಚೀರಿತು. ಮಲ್ಪೆ ಬಂದರಿನಲ್ಲಿ ಬಲೆ ರಿಪೇರಿ ಮಾಡುತ್ತಾ ಕೂತಿದ್ದ ಅಜ್ಜ ಒಬ್ಬರು ಹತ್ತು ನಿಮಿಷದಲ್ಲಿ ಬಲೆಯ ನೂಲಿನಿಂದಲೇ ಹೆಣೆದು ಕೊಟ್ಟರು. ಈಗ ಆ ಜೇಬೇ ಬ್ಯಾಗ್‌ನಲ್ಲಿ ಎಲ್ಲಕ್ಕಿಂತ ಗಟ್ಟಿ.

ನಮ್ಮ ಕರಾವಳಿಯಲ್ಲಿ ಬ್ಯಾಗ್ ಹಾಳಾಗುವುದು ಮುಳ್ಳಿನಿಂದ ಅಲ್ಲ, ಮನೆಯೊಳಗೆ. ಬಟ್ಟೆಯ ಒಳಮೈಗೆ ನೀರು ತಡೆಯಲು ಪಾಲಿಯುರಿಥೇನ್ ಲೇಪ ಹಚ್ಚಿರುತ್ತಾರೆ. ಸೆಕೆ, ತೇವ ಎರಡೂ ಸೇರಿದರೆ ಆ ಲೇಪ ನಿಧಾನಕ್ಕೆ ಒಡೆಯುತ್ತದೆ. ಮೊದಲು ಅಂಟಂಟು, ಆಮೇಲೆ ಹಳಸಲು ವಾಸನೆ, ಕೊನೆಗೆ ಹೊಟ್ಟಿನ ಹಾಗೆ ಉದುರುತ್ತದೆ. ಇದರಲ್ಲಿ ಮಿಲಿಟರಿ, ಹೈಕಿಂಗ್ ಅನ್ನುವ ಭೇದ ಇಲ್ಲ. ನನ್ನ ಟ್ಯಾಕ್ಟಿಕಲ್ ಬ್ಯಾಗ್ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಅಟ್ಟದ ಮೇಲೆ ಒಂದು ಮಳೆಗಾಲ ಕಳೆಯಿತು. ತೆಗೆದಾಗ ಒಳಗೆ ಅಂಟು, ಹೊರಗೆ ಬೂಷ್ಟು. ಹಾಗಾಗಿ ಹೊಸದನ್ನು ಕವರಿಗೆ ಹಾಕುವುದೇ ಇಲ್ಲ. ಚಾವಡಿಯ ಕೊಕ್ಕೆಯಲ್ಲಿ ಜಿಪ್ಪು ತೆರೆದು ನೇತುಹಾಕಿದ್ದೇನೆ. ಬಂದವರೆಲ್ಲ "ಎಲ್ಲಿಗೆ ಹೊರಟದ್ದು?" ಅಂತ ಕೇಳುತ್ತಾರೆ, ಅದೊಂದು ತೊಂದರೆ.

ಮಳೆಯ ಕವರ್ ಬಗ್ಗೆಯೂ ನನಗೆ ದೊಡ್ಡ ನಂಬಿಕೆ ಇಲ್ಲ. ವರ್ಷಕ್ಕೆ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುವ ಆಗುಂಬೆಯ ಕಡೆ ನಡೆದು ನೋಡಿ. ನೀರು ಕುತ್ತಿಗೆಯಿಂದ ಇಳಿದು ಬೆನ್ನಿಗೂ ಬ್ಯಾಗ್‌ಗೂ ನಡುವೆ ಹೋಗುತ್ತದೆ, ಕವರ್ ಆ ಕಡೆ ಮುಚ್ಚುವುದೇ ಇಲ್ಲ. ಭಾವ ಹೇಳಿಕೊಟ್ಟ ಉಪಾಯ, ಗೊಬ್ಬರದ ಚೀಲದ ಒಳಗೆ ಇರುವ ದಪ್ಪ ಪ್ಲಾಸ್ಟಿಕ್. ಚೆನ್ನಾಗಿ ತೊಳೆದು, ಒಣಗಿಸಿ, ಬ್ಯಾಗ್ ಒಳಗೆ ಇಟ್ಟು ಅದರೊಳಗೆ ಬಟ್ಟೆ ತುಂಬಿ ಬಾಯಿ ತಿರುಚಿ ಕಟ್ಟುವುದು. ತಿಂಡಿ ಮಾತ್ರ ಬೇರೆ ಡಬ್ಬಿಯಲ್ಲಿ ಇಡುತ್ತೇನೆ. ಹೊರಗೆ ಬ್ಯಾಗ್ ತೊಯ್ದು ತೊಪ್ಪೆಯಾದರೂ ಒಳಗಿನ ಕಾಲುಚೀಲ ಬೆಚ್ಚಗೆ ಇರುತ್ತದೆ.

ಬಣ್ಣದ ವಿಷಯ ಹೇಳಿ ಮುಗಿಸುತ್ತೇನೆ. ಹೆಬ್ರಿಯ ಕಾಡಂಚಿನಲ್ಲಿ ನಕ್ಸಲ್ ನಿಗ್ರಹ ಪಡೆಯವರು ಕೂಂಬಿಂಗ್ ಮಾಡುತ್ತಿದ್ದ ದಿನಗಳು. ಒಂದು ಚೆಕ್‌ಪೋಸ್ಟ್‌ನಲ್ಲಿ ನನ್ನ ಚಿತ್ತಾರದ ಬ್ಯಾಗ್ ನೋಡಿ ಕೆಳಗೆ ಇಳಿಸಿ, ಪೂರ್ತಿ ಬಿಚ್ಚಿಸಿದರು. ಅವರ ತಪ್ಪಲ್ಲ. 2024ರ ನವೆಂಬರ್‌ನಲ್ಲಿ ಅಲ್ಲೇ ಕಬ್ಬಿನಾಲೆಯಲ್ಲಿ ಎನ್‌ಕೌಂಟರ್ ಆಯಿತು, ನೆನಪಿರಬಹುದು. 2022ರ ಜನವರಿಯಲ್ಲಿ ಬಂದ ಸೇನೆಯ ಹೊಸ ಸಮವಸ್ತ್ರದ ಚಿತ್ತಾರದ ಹಕ್ಕೂ ಸೇನೆಯದ್ದೇ. ಮಿಲಿಟರಿ ಮಾದರಿಯೇ ಬೇಕು ಅನ್ನುವವರು ಕಪ್ಪು, ಬೂದು ಬಣ್ಣದ್ದು ತೆಗೆದುಕೊಳ್ಳಲಿ. ಕಾಡಿನಲ್ಲಿ ದಾರಿ ತಪ್ಪಿದರೆ ಹುಡುಕುವವರಿಗೆ ಕೇಸರಿ, ಕೆಂಪು ಇನ್ನೂ ಒಳ್ಳೆಯದು.

ಒಂದು ತಪ್ಪು ಒಪ್ಪಿಕೊಳ್ಳಬೇಕು. 50 ಲೀಟರ್ ಆರಿಸಿದ್ದು ಉತ್ತರಾಖಂಡದ ಕೇದಾರಕಂಠಕ್ಕೆ ಹೋಗುವ ಆಸೆಯಲ್ಲಿ. ಹೋಗಿ ಬಂದೆ, ಅಲ್ಲಿ ಅದು ಸರಿಯಾಗಿ ಬಳಕೆಯಾಯಿತು. ಆದರೆ ಊರಿನ ಬೆಟ್ಟಗಳಿಗೆ ಅಷ್ಟು ದೊಡ್ಡದು ಬೇಡ. 1,894 ಮೀಟರ್ ಎತ್ತರದ ಕುದುರೆಮುಖಕ್ಕೆ ಮುಳ್ಳೋಡಿಯಿಂದ ಬೆಳಿಗ್ಗೆ ಹತ್ತಿ ಸಂಜೆಯೊಳಗೆ ಇಳಿಯಲೇಬೇಕು, ಮೇಲೆ ಉಳಿಯಲು ಬಿಡುವುದಿಲ್ಲ. ನೀರು, ಬುತ್ತಿ, ರೇನ್‌ಕೋಟು, ಒಂದು ಜೊತೆ ಬಟ್ಟೆ. 25 ಲೀಟರ್ ಧಾರಾಳ ಸಾಕು. ಅಷ್ಟು ಕಡಿಮೆ ಭಾರಕ್ಕೆ ಫ್ರೇಮೂ ಬೇಡ, ಮಿಲಿಟರಿಯೋ ಹೈಕಿಂಗೋ ಅನ್ನುವ ಚರ್ಚೆಯೂ ಬೇಡ. ಈಗ ತಂಗಿಯ ಕಾಲೇಜು ಬ್ಯಾಗ್ ಕೇಳಿ ತೆಗೆದುಕೊಂಡು ಹೋಗುತ್ತೇನೆ.

ಹಳೆಯ ಬ್ಯಾಗ್ ಎಸೆಯಲು ಹೊರಟಿದ್ದೆ. ಭಾವ ಬಿಡಲಿಲ್ಲ. ಸೀಮೆಎಣ್ಣೆ, ಕತ್ತಿ, ಪಂಪಿನ ಸಾಮಾನು, ತೆಂಗಿನಕಾಯಿ ಎಲ್ಲ ಅದರಲ್ಲೇ ತೋಟಕ್ಕೆ ಹೋಗಿ ಬರುತ್ತದೆ. ಬೈಕಿನ ಹಿಂದೆ ಕಟ್ಟಿ ಕಲ್ಲುದಾರಿಯಲ್ಲಿ ಎಳೆದುಕೊಂಡು ಹೋದರೂ ಒಂದು ಹೊಲಿಗೆ ಬಿಟ್ಟಿಲ್ಲ. ಸೊಂಟದ ಪಟ್ಟಿಯನ್ನು ಮಾತ್ರ ಮೊದಲ ದಿನವೇ ಕತ್ತರಿಸಿ ತೆಗೆದರು. ಈಗ ಅದರಲ್ಲಿ ಏಣಿ ಕಟ್ಟಿಟ್ಟಿದ್ದಾರೆ.